ಮಿಸ್ ಅಂದರೆ ಯಾವ ಮಿಸ್ಸು?

ಇಂಗ್ಲಿಷ್ ಕಲಿಸುವವರಿಗೆ ಯಾವುದಾದರೊಂದು ಶಬ್ದ ಬೆನ್ನು ಹತ್ತಿಯೇ ಇರುತ್ತದೆ. ನನ್ನ ಬೆನ್ನು ಹತ್ತಿದ್ದು 'ಮಿಸ್'. ಕಾರವಾರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ, ನಿವೃತ್ತಳಾಗಿ ಅಂಕೋಲೆಯಲ್ಲಿ ಮನೆ ಮಾಡಿಕೊಂಡು ಕೂತರೂ ಅದು ನನ್ನನ್ನು ಬಿಟ್ಟಿಲ್ಲ. ಮೊನ್ನೆ ಮೀನುಪೇಟೆಗೆ ಸ್ವಲ್ಪ ತಡವಾಗಿ ಹೋದೆ. ದಿನಾ ಮೀನು ಕೊಡುವವಳು ಖಾಲಿ ಬುಟ್ಟಿ ತೋರಿಸಿ, "ಮಿಸ್, ಇವತ್ತು ಬಂಗಡೆ ಮಿಸ್ಸು" ಅಂದಳು. ಬೇಜಾರು ಬಂಗಡೆಗೆ ಮಾಡಿಕೊಳ್ಳಬೇಕೋ ಶಬ್ದಕ್ಕೆ ಮಾಡಿಕೊಳ್ಳಬೇಕೋ ತಿಳಿಯದೆ ಬದನೆಕಾಯಿ ತಗೊಂಡು ಮನೆಗೆ ಬಂದೆ.

ಹುಲಿಯ ಪಾಠ

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆ 'ಅಕ್ಕೋರು' ಅನ್ನುತ್ತಿದ್ದರು. ಆಮೇಲೆ ಬಂದ ಹೆಡ್‌ಮಾಸ್ತರರು, ಶಾಲೆಯಲ್ಲಿ ಇಂಗ್ಲಿಷ್ ವಾತಾವರಣ ಇರಲಿ ಅಂತ, ಇನ್ನು ಮೇಲೆ ಎಲ್ಲರೂ 'ಮಿಸ್' ಅನ್ನಬೇಕು ಅಂದರು. ಮದುವೆಯಾದವರೂ ಮಿಸ್, ಮೊಮ್ಮಕ್ಕಳಿದ್ದವರೂ ಮಿಸ್. ನನಗೇನೋ ಅದು ಹಿಡಿಸಲಿಲ್ಲ. ಅಕ್ಕೋರು ಅನ್ನುವಾಗ ಅದರೊಳಗೆ ಒಬ್ಬ ಅಕ್ಕ ಇರುತ್ತಿದ್ದಳು.

ಆ ವರ್ಷದ ಪರೀಕ್ಷೆಯಲ್ಲಿ 'ದ ಹಂಟರ್ ಮಿಸ್ಡ್ ದ ಟೈಗರ್' ಅನ್ನುವ ವಾಕ್ಯವನ್ನು ಕನ್ನಡಕ್ಕೆ ತರಲು ಕೊಟ್ಟಿದ್ದೆ. ಬೇಟೆಗಾರನ ಗುರಿ ತಪ್ಪಿತು ಅಂತ ಬರೆದರೆ ಮುಗಿಯಿತು. ಒಬ್ಬ ಹುಡುಗಿ 'ಬೇಟೆಗಾರನು ಹುಲಿಗೆ ಪಾಠ ಹೇಳಿಕೊಟ್ಟನು' ಅಂತ ಬರೆದಿದ್ದಳು. ಕರೆದು ಕೇಳಿದರೆ ಹೆದರುತ್ತಲೇ ವಿವರಿಸಿದಳು. ನೀವು ನಮಗೆ ಮಿಸ್, ಬೇಟೆಗಾರ ಹುಲಿಗೆ ಮಿಸ್.

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದೆ. ಗಣಿತದ ಮಾಸ್ತರರು ಕಣ್ಣೆತ್ತದೆ ಹೇಳಿದರು, "ಗುಂಡು ಕಿವಿಯ ಪಕ್ಕ ಹಾರಿ ಹೋದ ಮೇಲೆ ಹುಲಿ ಏನಾದರೂ ಪಾಠ ಕಲಿತೇ ಇರುತ್ತದೆ. ಅರ್ಧ ಮಾರ್ಕು ಕೊಡಿ."

ಹಟ್ಟಿಕೇರಿಯಲ್ಲಿ ನಿಲ್ಲದ ಬಸ್ಸು

ನನ್ನ ತವರು ಹಟ್ಟಿಕೇರಿ. ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಹೆದ್ದಾರಿಯ ಮೇಲೆಯೇ ಊರು, ಆದರೆ ಎಕ್ಸ್‌ಪ್ರೆಸ್ ಬಸ್ಸುಗಳು ಅಲ್ಲಿ ನಿಲ್ಲುವುದಿಲ್ಲ.

ನನ್ನನ್ನು ನೋಡಲು ಕುಮಟೆ ಕಡೆಯಿಂದ ಗಂಡಿನವರು ಬರುವುದೆಂದು ನಿಶ್ಚಯವಾಗಿತ್ತು. ಹುಡುಗನಿಗೆ ಸರಕಾರಿ ಕೆಲಸ, ಫೋಟೋದಲ್ಲಿ ನೋಡಿದ್ದೆ, ಹಲ್ಲು ಕಾಣುವ ಹಾಗೆ ನಕ್ಕಿದ್ದ. ನನಗೆ ಒಪ್ಪಿಗೆಯಿತ್ತು. ಇದನ್ನು ಅಮ್ಮನಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಅಮ್ಮ ಬೆಳಿಗ್ಗೆಯೇ ಶಿರಾ ಮಾಡಿಟ್ಟಳು. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಬಸ್ ನಿಲ್ಲುವಲ್ಲಿ ನಿಂತ.

ಗಂಡಿನವರು ಅಂಕೋಲೆಯಲ್ಲಿ ಗೊತ್ತಿಲ್ಲದೆ ಎಕ್ಸ್‌ಪ್ರೆಸ್ ಹತ್ತಿದ್ದರಂತೆ. ಅಪ್ಪ ಕೈ ಎತ್ತಿದ, ಬಸ್ಸಿನೊಳಗಿನಿಂದ ಅವರೂ ಕೈ ಎತ್ತಿದರು. ಬಸ್ಸು ಮಾತ್ರ ನೇರವಾಗಿ ಕಾರವಾರಕ್ಕೆ ಹೋಯಿತು. ಅಲ್ಲಿ ಇಳಿದವರಿಗೆ ಹಸಿವಾಗಿತ್ತು. ದೂರದ ನೆಂಟರ ಮನೆಯೊಂದಿದೆ, ಚಾ ಕುಡಿದು ತಿರುಗಿ ಹೋಗುವ ಬಸ್ಸಿಗೆ ಹಟ್ಟಿಕೇರಿಗೆ ಹೋದರಾಯಿತು ಅಂತ ಆ ಮನೆಗೆ ಹೋದರು. ಚಾ ತಂದುಕೊಟ್ಟದ್ದು ಆ ಮನೆಯ ಮಗಳು. ಗಂಡಿನ ತಾಯಿಗೆ ಚಾವೂ ಹಿಡಿಸಿತು, ಮಗಳೂ ಹಿಡಿಸಿದಳು.

ನಾವು ಸಂಜೆಯವರೆಗೂ ಕಾದೆವು. ಶಿರಾ ಗಟ್ಟಿಯಾಗಿ ಪಾತ್ರೆಗೆ ಅಂಟಿಕೊಂಡಿತು. ವಾರ ಬಿಟ್ಟು ಮಧ್ಯಸ್ಥಿಕೆ ಮಾಡಿದವರು ಬಂದು ಜಗಲಿಯ ತುದಿಯಲ್ಲಿ ಕೂತು, ಕಣ್ಣು ತಪ್ಪಿಸಿ, ಇಂಗ್ಲಿಷಿನಲ್ಲಿ ಹೇಳಿದರೆ ನೋವು ಕಡಿಮೆಯಾಗಬಹುದು ಅಂತಲೋ ಏನೋ, "ಸ್ವಲ್ಪದರಲ್ಲಿ ಮಿಸ್ ಆತು ನೋಡಿ" ಅಂದರು. ಆಮೇಲೂ ಒಂದೆರಡು ಕಡೆಯವರು ಬಂದರು, ಯಾವುದೂ ಕೂಡಿಬರಲಿಲ್ಲ. ಅಮ್ಮ ಬದುಕಿರುವವರೆಗೂ ರಸ್ತೆಯಲ್ಲಿ ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನ್ ಕೇಳಿದರೆ ಮುಖ ಗಂಟು ಹಾಕುತ್ತಿದ್ದಳು.

ಮಿಸ್ ಆದದ್ದು ಅವರಿಗೆ ಸ್ಟಾಪು. ಮಿಸ್ ಆಗಿ ಉಳಿದದ್ದು ನಾನು.

ಅಣ್ಣನ ಫೋನು

ಹಟ್ಟಿಕೇರಿಯ ತೋಟ, ಗದ್ದೆ ನೋಡಿಕೊಂಡದ್ದು ಅಣ್ಣ. ಊರಿನವರೆಲ್ಲ ನನ್ನನ್ನು ಮಿಸ್ ಅನ್ನುವುದನ್ನು ಕೇಳಿ ಕೇಳಿ ಅವನೂ 'ನಮ್ಮ ಮಿಸ್ಸು' ಅನ್ನುತ್ತಿದ್ದ. ಮಕ್ಕಳು ಅವನಿಗೆ ಮೊಬೈಲು ಕೊಡಿಸಿದ ಮೇಲೆ ನಾನು ಆಗಾಗ ಫೋನ್ ಮಾಡತೊಡಗಿದೆ. ಅವನು ಎತ್ತುತ್ತಲೇ ಇರಲಿಲ್ಲ. ತಿರುಗಿ ಮಾಡುತ್ತಲೂ ಇರಲಿಲ್ಲ. ಹಿಂದಿನ ದೀಪಾವಳಿಯಲ್ಲಿ ನಮ್ಮಿಬ್ಬರ ನಡುವೆ ಸಣ್ಣ ಮಾತು ಬಂದಿತ್ತು. ಇನ್ನೂ ಸಿಟ್ಟು ಇಳಿದಿಲ್ಲ ಅಂದುಕೊಂಡೆ. ಆ ಬೇಸಿಗೆಯಲ್ಲಿ ತವರಿಗೆ ಹೋಗಲೇ ಇಲ್ಲ.

ಮಳೆ ಹಿಡಿದ ಮೇಲೆ ಅತ್ತಿಗೆ ಅಂಕೋಲೆ ಪೇಟೆಯಲ್ಲಿ ಸಿಕ್ಕಿ, ಯಾಕೆ ಬರಲಿಲ್ಲ ಅಂತ ಕೇಳಿದಳು. ಅಣ್ಣ ಫೋನ್ ಎತ್ತುವುದಿಲ್ಲವಲ್ಲ ಅಂದೆ. ಅವಳಿಗೆ ಆಶ್ಚರ್ಯ. ಅವರು ದಿನಾ ಫೋನ್ ನೋಡಿ ಖುಷಿ ಪಡುತ್ತಾರಲ್ಲ ಅಂದಳು. ವಿಷಯ ಇಷ್ಟೇ. ಫೋನ್ ಬಾರಿಸಿ ನಿಂತ ಮೇಲೆ ಅದರ ಮೇಲೆ 'ಮಿಸ್ಡ್ ಕಾಲ್' ಅಂತ ಬರುತ್ತದೆ. ಮಗಳ ಹತ್ತಿರ ಓದಿಸಿಕೊಂಡ ಅಣ್ಣ, ಮಿಸ್ ಕಾಲ್ ಅಂದರೆ ಮಿಸ್ಸಿನ ಕಾಲು, ಅಂದರೆ ತಂಗಿಯದು, ಅಂತ ತಿಳಿದುಕೊಂಡಿದ್ದ. ಗಂಟೆ ಹೊಡೆಯಿತು, ಹೆಸರು ಬಂತು, ತಂಗಿ ನೆನಪು ಮಾಡಿಕೊಂಡಳು, ಕೆಲಸ ಮುಗಿಯಿತು. ಎತ್ತುವುದು ಇನ್ಯಾಕೆ?

ಅಣ್ಣ ಈಗಿಲ್ಲ. ಅವನ ಜತೆ ಆಡಬಹುದಾಗಿದ್ದ ಒಂದು ಬೇಸಿಗೆಯ ಮಾತೂ, ಆ ವರ್ಷದ ಇಶಾಡ ಮಾವಿನಹಣ್ಣೂ ನನಗೆ ಸಿಗಲಿಲ್ಲ. ಅತ್ತಿಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: ಕರೆಂಟು ಬಿಲ್ಲಿನವರು, ಸೊಸೈಟಿಯವರು ಫೋನ್ ಮಾಡಿದರೂ ಅವನು ಎಲ್ಲರ ಹತ್ತಿರ, "ನಮ್ಮ ತಂಗಿಗೆ ಎಷ್ಟು ಜೀವ ನೋಡಿ, ದಿನಕ್ಕೆ ಹತ್ತು ಸಲ ಮಾಡ್ತದೆ" ಅನ್ನುತ್ತಿದ್ದನಂತೆ.

ಸೊಸೆಯ ತಾಯಿ

ಅಂಕೋಲೆಯ ಹತ್ತಿರದ ಭಾವಿಕೇರಿಯ ಕೆಲವು ಹೆಂಗಸರಿಗೆ ನಾನು ಮಧ್ಯಾಹ್ನದ ಊಟ ಮುಗಿದ ಮೇಲೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅವರಲ್ಲಿ ಒಬ್ಬಳು ಶೇಂಗಾ ಗದ್ದೆಗೆ ಕೂಲಿಗೆ ಹೋಗುವವಳು. ಅವಳ ಮಗ ಗೋವೆಯ ಹೋಟೆಲಿನಲ್ಲಿ ಕೆಲಸದಲ್ಲಿದ್ದಾಗ ಅಲ್ಲೇ ಕೆಲಸಕ್ಕಿದ್ದ ಮೇಘಾಲಯದ ಹುಡುಗಿಯನ್ನು ಮದುವೆಯಾಗಿ ಊರಿಗೆ ಕರೆತಂದಿದ್ದ. ಹುಡುಗಿಗೆ ಕನ್ನಡ ಬಾರದು, ಅತ್ತೆಗೆ ಕನ್ನಡ ಬಿಟ್ಟು ಬೇರೆ ಬಾರದು. ಇಂಗ್ಲಿಷ್ ಯಾಕೆ ಬೇಕು ಅಂತ ಮೊದಲ ದಿನ ಕೇಳಿದಾಗ ಅವಳು, ಸೊಸೆ ಬಂದು ವರ್ಷವಾಗುತ್ತ ಬಂತು, ಒಂದು ಜಗಳ ಆಡೂಕೂ ಆಗಲಿಲ್ಲ ಅಂದಿದ್ದಳು.

ಒಂದು ದಿನ ಪಾಠ ಮುಗಿದು ಉಳಿದವರೆಲ್ಲ ಹೋದರೂ ಅವಳು ಏಳಲಿಲ್ಲ. ಹತ್ತಿರ ಬಂದು ದನಿ ತಗ್ಗಿಸಿದಳು.

"ಅಕ್ಕೋರೆ, ನಮ್ಮ ಸೊಸೆಯ ತಾಯಿಗೆ ಮದ್ವೆನೇ ಆಗ್ಲಿಲ್ವಂತೆ."

ಯಾರು ಹೇಳಿದರು ಅಂದೆ. ಸೊಸೆಯೇ ಹೇಳಿತು ಅಂದಳು. ಹಿಂದಿನ ವಾರ ಹುಡುಗಿ ಬಾವಿಕಟ್ಟೆಯ ಹತ್ತಿರ ಕೂತು ಅಳುತ್ತಿದ್ದಳಂತೆ. ಇವಳು ಕಲಿತ ಇಂಗ್ಲಿಷಿನಲ್ಲಿ 'ವಾಟ್?' ಅಂತ ಕೇಳಿದಳು. ಹುಡುಗಿ 'ಮಿಸ್ ಮೈ ಮದರ್' ಅಂದಳು. ಮದುವೆಯಾಗದವರ ಹೆಸರಿಗೆ ಮಿಸ್, ಆದವರ ಹೆಸರಿಗೆ ಮಿಸೆಸ್ ಅಂತ ಹೇಳಿಕೊಟ್ಟವಳು ನಾನೇ. ಸಾಲದ್ದಕ್ಕೆ ಹುಡುಗಿಯ ಹೆಸರಿನ ಮುಂದೆ ಇದ್ದದ್ದು ತಾಯಿಯ ಮನೆತನದ ಹೆಸರು. ಅವರ ಕಡೆ ಪದ್ಧತಿಯೇ ಹಾಗೆ, ಆದರೆ ಇವಳಿಗೆ ಅದು ಗೊತ್ತಿರಲಿಲ್ಲ.

ಕೂರಿಸಿಕೊಂಡು ಬಿಡಿಸಿ ಹೇಳಿದೆ. ಹೆಸರಿಗೆ ಅಂಟುವ ಮಿಸ್ಸು ಯಜಮಾನಿ ಅನ್ನುವ ಅರ್ಥದ 'ಮಿಸ್ಟ್ರೆಸ್' ಶಬ್ದವನ್ನು ಮೊಟಕು ಮಾಡಿದ್ದು. ಬಸ್ಸು ತಪ್ಪುವ ಮಿಸ್ಸು ಬೇರೆಯೇ ಮನೆತನದ್ದು, ಬಹಳ ಹಳೆಯದು, ಗುರಿ ತಪ್ಪುವುದು ಅಂತ ಅದರ ಮೊದಲ ಅರ್ಥ. ಹತ್ತಿರ ಇರಬೇಕಾದವರು ಇಲ್ಲದೆ ಜೀವ ಹಿಂಡಿದ ಹಾಗಾದರೆ ಅದಕ್ಕೂ ಇಂಗ್ಲಿಷಿನವರು ಆಮೇಲೆ ಅದನ್ನೇ ಬಳಸತೊಡಗಿದರು. ನಮ್ಮಲ್ಲಿ ಬಸ್ಸು ತಪ್ಪುತ್ತದೆ, ದಾರಿ ತಪ್ಪುತ್ತದೆ, ಲೆಕ್ಕವೂ ತಪ್ಪುತ್ತದೆ. ಆದರೆ ತಾಯಿ ನೆನಪಾದರೆ ತಪ್ಪಿದಳು ಅನ್ನುವುದಿಲ್ಲ. ನಿನ್ನ ಸೊಸೆಗೆ ತಾಯಿಯ ನೆನಪಾಗಿ ಅಳು ಬಂದಿತ್ತು, ಅಷ್ಟೇ.

"ನಾ ಅದರ ಬೆನ್ನಾದ್ರೂ ಸವರಬೇಕಾಗಿತ್ತು. ಎದ್ದು ಒಳಗೆ ಹೋದೆ" ಅಂದಳು. ಕಣ್ಣಲ್ಲಿ ನೀರಿತ್ತು. ಮತ್ತೆ ಏನೋ ನೆನಪಾಗಿ ಗಾಬರಿಯಿಂದ ಎದ್ದಳು.

"ನಾ ಬತ್ತೆ ಅಕ್ಕೋರೆ. ಆಗ್ಲೇ ನಾಕು ಮನೆಗೆ ಹೇಳ್ಬಿಟ್ಟೆ. ಕತ್ತಲಾಗೂದ್ರೊಳಗೆ ಹೋಗಿ ಆ ಹೆಂಗಸಿಗೆ ಮದ್ವೆ ಮಾಡಿಸ್ಬೇಕು."

ಸ್ಟೇಷನ್ನಿಗೆ ಹೋದದ್ದು

ಆಮೇಲೆ ಅತ್ತೆ ಸೊಸೆ ಹತ್ತಿರವಾದರು. ಹುಡುಗಿ ಶೇಂಗಾ ಗದ್ದೆಗೂ ಜತೆಗೆ ಹೋಗತೊಡಗಿದಳು. ಅಷ್ಟರಲ್ಲಿ ಅವಳ ತಾಯಿ ಹಾಸಿಗೆ ಹಿಡಿದ ಸುದ್ದಿ ಬಂತು. ಅವರಲ್ಲಿ ತಾಯಿಯನ್ನು ನೋಡಿಕೊಳ್ಳಬೇಕಾದವಳು ಕಿರಿಯ ಮಗಳು, ಇವಳೇ ಕಿರಿಯವಳು. ಗಂಡ ಅವಳನ್ನು ಬಿಟ್ಟು ಬರಲು ಹೊರಟ. ಅವಳು ತಿರುಗಿ ಯಾವಾಗ ಬರುತ್ತಾಳೆ ಅಂತ ಯಾರಿಗೂ ಹೇಳಲು ಆಗಲಿಲ್ಲ.

ಹೊರಡುವ ದಿನ ಅತ್ತೆ, ಸೊಸೆಗೆ ಇಷ್ಟ ಅಂತ ಒಣಮೀನು ತರಲು ಪೇಟೆಗೆ ಹೋದಳು. ಅಲ್ಲಿಂದಲೇ ರಿಕ್ಷಾ ಹತ್ತಿ ಸ್ಟೇಷನ್ನಿಗೆ ಹೊರಟಳು. ಹೆದ್ದಾರಿ ದಾಟುತ್ತಲೇ ರಿಕ್ಷಾದ ಟಯರು ಒಡೆಯಿತು. ಉಳಿದ ದಾರಿ ಓಡಿದಳು. ಪ್ಲಾಟ್‌ಫಾರ್ಮಿಗೆ ಬಂದಾಗ ರೈಲಿನ ಕೊನೆಯ ಡಬ್ಬಿ ಕಾಣುತ್ತಿತ್ತು.

ಹುಡುಗಿ ಊರು ಮುಟ್ಟಿದ ಸುದ್ದಿ ತಿಳಿದ ದಿನ ಅತ್ತೆ ನಮ್ಮ ಮನೆಗೆ ಬಂದಳು. ನಾನು ಸ್ಟೇಷನ್ನಿಗೆ ಬಂದಿದ್ದೆ, ಅಷ್ಟರಲ್ಲಿ ನೀನು ತಪ್ಪಿಹೋದೆ ಅಂತ ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಅಂತ ಕೇಳಿದಳು. ಬರಲೇ ಇಲ್ಲ ಅಂತ ಸೊಸೆ ತಿಳಿದುಕೊಂಡಾಳು ಅನ್ನುವುದೇ ಅವಳ ಸಂಕಟ. 'ಐ ಮಿಸ್ಡ್ ಯು' ಅಂದರೆ ಸಾಕು ಅಂದೆ. ಬಾಯಿಪಾಠ ಮಾಡಿಕೊಂಡಳು. ನಾನೇ ಫೋನ್ ಹಚ್ಚಿ ಕೊಟ್ಟೆ.

"ಐ ಮಿಸ್ಡ್ ಯು" ಅಂದಳು, ಗದ್ದೆಯ ಆಚೆಯವರನ್ನು ಕೂಗುವ ದನಿಯಲ್ಲಿ.

ಆ ಕಡೆ ಹುಡುಗಿ ಬಿಕ್ಕಿದ್ದು ನನಗೂ ಕೇಳಿಸಿತು. ಅಳುತ್ತಲೇ ತನಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ, "ಅಮ್ಮ, ನಂಗೂ" ಅಂದಳು. ಇವಳು ಫೋನನ್ನು ಕಿವಿಗೆ ಒತ್ತಿ ಹಿಡಿದೇ ಕೂತಳು. ಕೊನೆಗೆ ಲೈನು ಕಡಿದು ಹೋಯಿತು.

ಸೊಸೆಗೆ ಏನಾತು, ಇಷ್ಟು ಅಳೂಕೆ ನಾ ಏನು ಹೇಳಿದೆ ಅಂತ ಕೇಳಿದಳು. ನೀನು ಹೇಳಿದ ಮಾತಿಗೆ ಎರಡೂ ಅರ್ಥ ಇದೆ, ಸೊಸೆ ಇನ್ನೊಂದನ್ನು ತಗೊಂಡಳು, ನೀನಿಲ್ಲದೆ ಜೀವಕ್ಕೆ ಸಮ ಇಲ್ಲ ಅಂತ ನೀನು ಹೇಳಿದ ಹಾಗಾಯಿತು ಅಂದೆ.

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಅದು ಖರೆನೇ ಅಕ್ಕೋರೆ. ಅದನ್ನೇ ಹೇಳ್ಬೇಕಾಗಿತ್ತು, ಹೇಳೂಕೆ ಬತ್ತಿರ್ಲಿಲ್ಲ."

ಆಮೇಲೆ ಅವಳು ಫೋನನ್ನು ನನ್ನ ಕೈಗೆ ಕೊಟ್ಟಳು.

"ಇನ್ನೊಂದ್ಸಲ ಹಚ್ಚಿಕೊಡಿ. ಟಯರ್ ಒಡೆದಿದ್ದು ಹೇಳೂದು ಹಂಗೇ ಉಳೀತು."