ಬಕ್ಕೇಶಪ್ಪನವರ ಪಂಚೆಯೂ ನುಗ್ಗೆಸೊಪ್ಪಿನ ಮಹಿಮೆಯೂ

"ಇವತ್ತಿನಿಂದ ಈ ಮನ್ಯಾಗೆ ಗುಳಿಗಿ ಅನ್ನೋ ಮಾತೇ ಬರಂಗಿಲ್ಲ!"

ಹೀಗೆಂದು ಘೋಷಿಸಿ, ದಾವಣಗೆರೆಯ ಕೆ.ಬಿ. ಬಡಾವಣೆಯ ತಮ್ಮ ಮನೆಯ ಅಡುಗೆಕೋಣೆ ಬಾಗಿಲಲ್ಲಿ ಬಕ್ಕೇಶಪ್ಪನವರು ಬಿ.ಪಿ. ಗುಳಿಗೆಯ ಡಬ್ಬಿಯನ್ನು ಎತ್ತಿ ಹಿಡಿದು ನಿಂತಾಗ, ಧರ್ಮಪತ್ನಿ ಮರುಳಸಿದ್ದಮ್ಮನವರು ರೊಟ್ಟಿ ಬಡಿಯುತ್ತಿದ್ದರು. ಬಡಿಯುವುದನ್ನು ನಿಲ್ಲಿಸಲಿಲ್ಲ. ನಲವತ್ತೊಂದು ವರ್ಷದ ಸಂಸಾರದಲ್ಲಿ ಇಂಥ ಘೋಷಣೆಗಳನ್ನು ಅವರು ಬೇಕಾದಷ್ಟು ಕೇಳಿದ್ದರು. ಹಿಂದೊಮ್ಮೆ ಯಜಮಾನರು ಸಕ್ಕರೆ ಬಿಟ್ಟಿದ್ದರು, ಒಂದೂವರೆ ದಿನ. ಇನ್ನೊಮ್ಮೆ ದಿನಾ ಬೆಳಿಗ್ಗೆ ಓಡುತ್ತೇನೆಂದು ಬಿಳಿ ಬೂಟು ತಂದಿದ್ದರು. ಆ ಬೂಟು ಇವತ್ತಿಗೂ ಮಲಗುವ ಕೋಣೆಯ ಅಲಮಾರಿನ ಕೆಳಗೆ ಮಣ್ಣು ಕಾಣದೆ ಹೊಸದಾಗಿಯೇ ಇತ್ತು.

"ಗುಳಿಗಿ ಬಿಟ್ಟು ಏನು ನುಂಗ್ತೀರಿ?" ಎಂದು ಕೇಳಿದರು ಮರುಳಸಿದ್ದಮ್ಮ.

"ನುಗ್ಗೆಸೊಪ್ಪು."

"ನಿಮ್ಮ ಮೈ, ನಿಮ್ಮ ಸೊಪ್ಪು. ನನ್ನ ಸಕ್ರಿ ಕಾಯಿಲೆ ಗುಳಿಗಿಗೆ ಕೈ ಹಚ್ಚಿದ್ರ ಮಾತ್ರ ನೆಟ್ಟಗಿರಂಗಿಲ್ಲ ನೋಡ್ರಿ."

ಮೆಕ್ಕೆಜೋಳದ ವ್ಯಾಪಾರವನ್ನು ಮಗನಿಗೆ ಒಪ್ಪಿಸಿದ ಮೇಲೆ ಬಕ್ಕೇಶಪ್ಪನವರ ಕೈಯಲ್ಲಿ ಉಳಿದದ್ದು ಎರಡೇ: ಹೊತ್ತು ಮತ್ತು ಮೊಬೈಲು. ಆ ಮೊಬೈಲಿನಲ್ಲಿ ಒಂದು ದಿನ ನುಗ್ಗೆಸೊಪ್ಪು ಅವತಾರವೆತ್ತಿತು. ಕಬ್ಬಿಣ ಅದರಲ್ಲಿ, ಕ್ಯಾಲ್ಸಿಯಂ ಅದರಲ್ಲಿ, ಕಣ್ಣಿಗೆ ಬೇಕಾದದ್ದು ಅದರಲ್ಲಿ, ಕರುಳಿಗೆ ಬೇಕಾದದ್ದೂ ಅದರಲ್ಲೇ. ಹಾಲಿಗಿಂತ ಎಷ್ಟು ಪಟ್ಟು ಹೆಚ್ಚು ಎಂಬುದನ್ನು ಮಾತ್ರ ಒಂದೊಂದು ವಾಟ್ಸಾಪ್ ಒಂದೊಂದು ಥರ ಹೇಳುತ್ತಿತ್ತು. ಬಕ್ಕೇಶಪ್ಪನವರು ವ್ಯಾಪಾರಸ್ಥರಲ್ಲವೇ, ಇದ್ದುದರಲ್ಲಿ ದೊಡ್ಡ ಸಂಖ್ಯೆಯನ್ನು ಆರಿಸಿ ಚೀಟಿಯಲ್ಲಿ ಬರೆದಿಟ್ಟುಕೊಂಡರು.

ಸೊಪ್ಪಿಗೇನೂ ಕೊರತೆಯಿರಲಿಲ್ಲ. ಪಕ್ಕದ ಮನೆಯ ದಿಲ್ಷಾದ್ ಬೇಗಂ ಅವರ ಹಿತ್ತಲಲ್ಲಿ ದೊಡ್ಡ ನುಗ್ಗೆಮರವಿತ್ತು. ಬೇರು ಅವರ ಕಡೆ, ಅರ್ಧ ಕೊಂಬೆ ಇವರ ಕಡೆ. ಅವತ್ತಿನಿಂದ ಮನೆಯಲ್ಲಿ ನುಗ್ಗೆಸೊಪ್ಪಿನ ಪಲ್ಯ, ನುಗ್ಗೆಸೊಪ್ಪಿನ ಸಾರು, ನುಗ್ಗೆಸೊಪ್ಪು ಕಲಸಿದ ರೊಟ್ಟಿ. ಇಷ್ಟಾಗಿದ್ದರೆ ಮರುಳಸಿದ್ದಮ್ಮ ಸಹಿಸುತ್ತಿದ್ದರೇನೋ. ಒಂದು ಭಾನುವಾರ ಈ ಮಹಾನುಭಾವರು ಬೆಣ್ಣೆದೋಸೆಯ ಹಿಟ್ಟಿಗೇ ಒಂದು ಬೊಗಸೆ ಸೊಪ್ಪು ಸುರಿದುಬಿಟ್ಟರು. ದಾವಣಗೆರೆಯಲ್ಲಿ ಹುಟ್ಟಿ ಬೆಣ್ಣೆದೋಸೆಗೆ ಇಂಥ ದ್ರೋಹ! ಮೊಮ್ಮಕ್ಕಳು ಹಸಿರು ದೋಸೆ ನೋಡಿ ಮಂಚದ ಕೆಳಗೆ ಸೇರಿಕೊಂಡವು. ಅವತ್ತು ಆ ಹಿಟ್ಟಿನ ದೋಸೆಯನ್ನೆಲ್ಲ ಯಜಮಾನರೊಬ್ಬರೇ ತಿಂದು ಮುಗಿಸಬೇಕಾಯಿತು.

ಗುಳಿಗೆ ಬಿಟ್ಟ ಐದನೆಯ ದಿನ ಬಚ್ಚಲಲ್ಲಿ ಅವರಿಗೆ ತಲೆ ಗಿರ್ರೆಂದಿತು. ಗೋಡೆ ಹಿಡಿದು ನಿಂತರು. ಹೆದರಿಕೆಯಾಯಿತು, ನಿಜವಾಗಿಯೂ ಆಯಿತು. ಕೆ.ಬಿ. ಬಡಾವಣೆಯ ಡಾಕ್ಟರ ಹತ್ತಿರ ಹೋದರೆ ಸಂಜೆಯೊಳಗೆ ಸುದ್ದಿ ಮನೆಗೆ ಬರುತ್ತದೆಂದು ಆಟೋ ಹತ್ತಿ ನಿಜಲಿಂಗಪ್ಪ ಬಡಾವಣೆಯ ಡಾಕ್ಟರೊಬ್ಬರ ಮುಂದೆ ಹೋಗಿ ಕುಳಿತರು. ಪಟ್ಟಿ ಸುತ್ತಿ ಬಿ.ಪಿ. ನೋಡಿದ ಡಾಕ್ಟರು ಕಣ್ಣು ಕೆಂಪಗೆ ಮಾಡಿಕೊಂಡರು.

"ಸೊಪ್ಪು ತಿನ್ರಿ, ಯಾರು ಬ್ಯಾಡ ಅಂದೋರು? ಒಳ್ಳೇದೇ ಅದು. ಆದ್ರ ಸೊಪ್ಪು ಊಟ, ಗುಳಿಗಿ ಔಷಧ. ಒಂದರ ಕೆಲಸ ಇನ್ನೊಂದಕ್ಕೆ ಹೇಳಬ್ಯಾಡ್ರಿ."

ಹಾಗಾಗಿ ಗುಳಿಗೆ ಮತ್ತೆ ಶುರುವಾಯಿತು, ಕದ್ದು. ಘೋಷಣೆ ಮಾಡಿ ಐದೇ ದಿನಕ್ಕೆ ಹೆಂಡತಿಯ ಮುಂದೆ ತಲೆ ತಗ್ಗಿಸುವುದೆಂದರೇನು! ಗುಳಿಗೆಯ ಶೀಟನ್ನು ಎಲ್ಲಿ ಬಚ್ಚಿಡುವುದೆಂದು ಹುಡುಕಿ ಹುಡುಕಿ, ಕೊನೆಗೆ ಯಾರೂ ಮುಟ್ಟದ ಜಾಗ ಸಿಕ್ಕಿತು: ಓಡದ ಬಿಳಿ ಬೂಟಿನ ಎಡಗಾಲು. ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಬೂಟಿನೊಳಗೆ ಕೈ ಹಾಕುವರು, ಗುಳಿಗೆ ನುಂಗುವರು, ಮೀಸೆ ಒರೆಸಿಕೊಂಡು ಹೊರಗೆ ಬಂದು ನುಗ್ಗೆಸೊಪ್ಪಿನ ಗುಣಗಾನ ಮಾಡುವರು. ಹತ್ತು ಗುಳಿಗೆಯ ಶೀಟು ತಿಂಗಳಾದರೂ ಮುಗಿಯಲಿಲ್ಲ. ಕಾಳು ನೋಡಿ ಚೀಲದ ತೂಕ ಹೇಳುವ ವ್ಯಾಪಾರಿಗೆ ಇದರಲ್ಲಿ ಅನುಮಾನ ಬರಬೇಕಿತ್ತು. ಬರಲಿಲ್ಲ. ಒಳ್ಳೆಯ ದಿನಗಳಲ್ಲಿ ಎಲ್ಲವೂ ಒದಗಿಬರುತ್ತದೆ ಎಂದುಕೊಂಡು ಸುಮ್ಮನಾದರು.

ಮೂರು ತಿಂಗಳಿಗೆ ಬಿ.ಪಿ. ಹದಕ್ಕೆ ಬಂತು. ಬಿ.ಪಿ. ಅಳೆದು ಬರೆದ ಚೀಟಿಯನ್ನು ಅವರು ಕಂಡಕಂಡವರಿಗೆ ತೋರಿಸಿದರು. ಒಂದೇ ಒಂದು ಗುಳಿಗೆ ಮುಟ್ಟಿಲ್ಲ, ಎಲ್ಲ ಸೊಪ್ಪಿನ ಪ್ರತಾಪ ಎಂದರು. ಸುದ್ದಿ ಹರಿಹರಕ್ಕೂ ಮುಟ್ಟಿತು. ಅಲ್ಲಿದ್ದವರು ಅವರ ಬೀಗರು, ಅಂದರೆ ಮಗಳು ಪೂಜಾಳ ಮಾವ, ನಿವೃತ್ತ ಹೆಡ್‌ಮಾಸ್ತರ್ ಕೊಟ್ಟೂರೇಶಪ್ಪನವರು. ಊರಿನ ಹಿರಿಯರ ಬಳಗಕ್ಕೆ ಅವರೇ ಅಧ್ಯಕ್ಷರು. ಮಗಳ ಮದುವೆಯಾದ ಆರು ವರ್ಷದಿಂದಲೂ ಈ ಬೀಗರೆಂದರೆ ಬಕ್ಕೇಶಪ್ಪನವರಿಗೆ ಒಳಗೊಳಗೇ ಅಳುಕು. ಮಾತಿಗೆ ಮುಂಚೆ ವಚನ ಹೇಳುವರು, ತಪ್ಪು ಕಂಡಲ್ಲಿ ತಿದ್ದುವರು, ಇವರನ್ನು ವ್ಯಾಪಾರಸ್ಥರು ಎಂದು ಒಂದು ಥರ ನಗುತ್ತ ಕರೆಯುವರು. ಅಂಥವರು ತಾವಾಗಿ ಫೋನ್ ಮಾಡಿ, ಬರುವ ಭಾನುವಾರ ಬಳಗದಲ್ಲಿ ನುಗ್ಗೆಸೊಪ್ಪಿನ ಬಗ್ಗೆ ಭಾಷಣ ಮಾಡಬೇಕು, ಶಾಲು ಹೊದಿಸುತ್ತೇವೆ ಎಂದರು. ಬೀಗರ ಮುಂದೆ ಒಮ್ಮೆಯಾದರೂ ತಲೆ ಎತ್ತಿ ನಿಲ್ಲಬೇಕೆಂಬ ಆರು ವರ್ಷದ ಆಸೆ ಆವತ್ತು ಕೈಗೆ ಬಂತು.

ಬರಿಗೈಲಿ ಹೋಗುವುದೇ? ಕೇಳುಗರಿಗೆಲ್ಲ ಒಂದೊಂದು ಹಿಡಿ ಸೊಪ್ಪು ಹಂಚುವುದೆಂದು ತೀರ್ಮಾನವಾಯಿತು. ಶನಿವಾರ ಸಂಜೆ ದೋಟಿ ಹಿಡಿದು ಕಾಂಪೌಂಡಿನ ಹತ್ತಿರ ನಿಂತಾಗ ಆಚೆಯಿಂದ ದಿಲ್ಷಾದ್ ಬೇಗಂ ಇಣುಕಿದರು.

"ಅಣ್ಣಾರೆ, ಈಗ ಬ್ಯಾಡ್ರಿ. ಮಳಿ ಬಿದ್ದ ಮ್ಯಾಲೆ ಮರದಾಗೆ ಕಂಬಳಿಹುಳ ಭಾಳ ಆಗ್ಯಾವ. ನಮ್ಮ ಮನಿಯೋರು ನಾಳಿದ್ದು ಔಷಧ ಹೊಡಸ್ತಾರ."

ತನ್ನ ಕೀರ್ತಿ ಕಂಡು ನೆರೆಯವರಿಗೂ ಸೊಪ್ಪಿನ ಮೇಲೆ ಆಸೆ ಹುಟ್ಟಿದೆ ಎಂದುಕೊಂಡರು ಬಕ್ಕೇಶಪ್ಪನವರು. ಹುಳುವಿಗೆ ಗೊತ್ತಿರುವ ರುಚಿ ಮನುಷ್ಯನಿಗೆ ಗೊತ್ತಿಲ್ಲವಲ್ಲ ಎಂದು ತತ್ವ ಹೇಳಿ, ಇವರ ಕಡೆ ಬಾಗಿದ್ದ ಹತ್ತು ಕೊಂಬೆಗಳನ್ನು ಎಳೆದು ಕೆಡವಿದರು. ಕಂಡ ಹುಳುಗಳನ್ನು ಕಡ್ಡಿಯಿಂದ ತೆಗೆದು ಆಚೆ ಒಗೆದರು.

ಇನ್ನು ಎಲೆ ಬಿಡಿಸಬೇಕು. ನುಗ್ಗೆಸೊಪ್ಪು ಬಿಡಿಸುವುದೆಂದರೆ ಮನೆಮಂದಿಯೆಲ್ಲ ಕೂತರೂ ಮುಗಿಯದ ಕೆಲಸ. ಅದಕ್ಕೊಂದು ಉಪಾಯ ಎಲ್ಲರಿಗೂ ಗೊತ್ತು: ಕೊಂಬೆಗಳನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಬೆಳಗಾಗುವುದರೊಳಗೆ ಎಲೆ ತಾವಾಗಿ ಉದುರಿರುತ್ತವೆ. ಮರುಳಸಿದ್ದಮ್ಮ ಅಕ್ಕನ ಮನೆಗೆ ಹೋಗಿದ್ದರು. ಹಳೇ ಸೀರೆ ಎಲ್ಲಿಟ್ಟಿದ್ದಾರೋ ಯಾರಿಗೆ ಗೊತ್ತು? ತಂತಿಯ ಮೇಲೆ ಒಂದು ಬಿಳಿ ಬಟ್ಟೆ ಒಣಗುತ್ತಿತ್ತು. ಅದನ್ನೇ ಎಳೆದು ಕೊಂಬೆಗಳನ್ನು ಸುತ್ತಿ ಮೂಲೆಯಲ್ಲಿಟ್ಟರು. ಬೆಳಿಗ್ಗೆ ಬಿಚ್ಚಿ ಕೊಡವಿದರೆ ಎಲೆಯೆಲ್ಲ ರಾಶಿ ಬಿತ್ತು. ಚೀಲಕ್ಕೆ ತುಂಬಿಕೊಂಡು, ಬಟ್ಟೆಯನ್ನು ಮೊಳೆಗೆ ನೇತುಹಾಕಿ ಸ್ನಾನಕ್ಕೆ ಹೋದರು.

ಆ ಬಟ್ಟೆ ಅವರದೇ ಜರಿಯಂಚಿನ ಪಂಚೆ. ಭಾಷಣಕ್ಕೆಂದೇ ಮರುಳಸಿದ್ದಮ್ಮ ಒಗೆದು ಹಾಕಿದ್ದರು. ಬೆಳಿಗ್ಗೆ ಅಕ್ಕನ ಮನೆಯಿಂದ ಮರಳಿದವರು ಅದು ಮೊಳೆಯ ಮೇಲೆ ಮುದ್ದೆಯಾಗಿ ನೇತಾಡುತ್ತಿದ್ದುದನ್ನು ಕಂಡು, ಗಂಡಸರ ಕೈಗೆ ಬಟ್ಟೆ ಸಿಕ್ಕರೆ ಇದೇ ಹಣೆಬರಹ ಎಂದು ಗೊಣಗುತ್ತ ಇಸ್ತ್ರಿ ಮಾಡಿ ಮಂಚದ ಮೇಲಿಟ್ಟರು. ಹುಳು ಹೋಗಿದ್ದವು. ಹುಳುವಿನ ರೋಮ ಹೋಗಿರಲಿಲ್ಲ. ಅದು ನೂಲಿನ ಎಳೆ ಎಳೆಯಲ್ಲೂ ಸೇರಿಕೊಂಡು ಬೆಚ್ಚಗೆ ಇಸ್ತ್ರಿ ಮಾಡಿಸಿಕೊಂಡು ಕಾಯುತ್ತಿತ್ತು.

ಹರಿಹರದ ಬಸ್ಸಿನಲ್ಲಿ ಕೂತು ಹತ್ತು ನಿಮಿಷಕ್ಕೆ ಬಲ ಮೀನಖಂಡ ಚುರುಚುರು ಎಂದಿತು. ಸೀಟಿನಲ್ಲಿ ತಿಗಣೆ ಎಂದು ಕಂಡಕ್ಟರಿಗೆ ಬೈದರು. ಎದ್ದು ನಿಂತರೆ ತೊಡೆ ಉರಿಯಿತು. ಆಗಲೇ ನೆನಪಾಯಿತು, ಗಡಿಬಿಡಿಯಲ್ಲಿ ಬೂಟಿಗೆ ಕೈ ಹಾಕುವುದೇ ಮರೆತಿದೆ, ಇವತ್ತಿನ ಗುಳಿಗೆ ನುಂಗಿಲ್ಲ. ಮನಸ್ಸೂ ಉರಿಯತೊಡಗಿತು.

ಬಳಗದ ಸಭಾಂಗಣದಲ್ಲಿ ನಲವತ್ತೈದು ಹಿರಿಯರು ಕುಳಿತಿದ್ದರು. ಮುಂದಿನ ಸಾಲಿನಲ್ಲಿ ಮಗಳು ಪೂಜಾ, ಪಕ್ಕದಲ್ಲಿ ಮರುಳಸಿದ್ದಮ್ಮ. ಬೀಗರು ವಚನದಿಂದ ಶುರುಮಾಡಿ, ಗುಳಿಗೆ ಗೆದ್ದ ಮಹಾಶಯರೆಂದು ಪರಿಚಯಿಸಿ ಶಾಲು ಹೊದಿಸಿದರು. ಬಕ್ಕೇಶಪ್ಪನವರು ಮೈಕಿನ ಮುಂದೆ ನಿಂತರು. ಕಬ್ಬಿಣ ಎನ್ನುವಾಗ ಎಡಗಾಲಿನಿಂದ ಬಲಗಾಲನ್ನು ಉಜ್ಜಿದರು. ಕ್ಯಾಲ್ಸಿಯಂ ಎನ್ನುವಾಗ ಬಲಗಾಲಿನಿಂದ ಎಡಗಾಲನ್ನು. ಜೀವಸತ್ವಗಳಿಗೆ ಬರುವ ಹೊತ್ತಿಗೆ ಉರಿ ಸೊಂಟಕ್ಕೇರಿತ್ತು. ಮೇಜಿನ ಮೂಲೆಗೆ ಬೆನ್ನು ಕೊಟ್ಟು ಒಂದೆರಡು ಸಲ ಮೇಲೆ ಕೆಳಗೆ ಆದರು. ಸಭಿಕರಿಗೆ ಇದು ಭಾಷಣದ ಹುರುಪು ಎನಿಸಿತು. ಅರವತ್ತೆಂಟರಲ್ಲಿ ಎಂಥ ಚುರುಕು ನೋಡ್ರಿ ಎಂದು ಯಾರೋ ಹಿಂದಿನ ಸಾಲಿನಿಂದ ಮೆಚ್ಚಿದರು.

"ಮೂರು ತಿಂಗಳು," ಎಂದರು ಬಕ್ಕೇಶಪ್ಪನವರು ಎರಡೂ ಕೈಯಿಂದ ತೊಡೆ ಕೆರೆಯುತ್ತ, "ಮೂರು ತಿಂಗಳು ಒಂದು ಗುಳಿಗಿ ಮುಟ್ಟಿಲ್ಲ!"

ಚಪ್ಪಾಳೆ ಬಿತ್ತು. ಆಗ ಮುಂದಿನ ಸಾಲಿನಲ್ಲಿದ್ದ ಹಳೆಯ ಟೇಲರ್ ಹಯಾತ್ ಸಾಬ್ ಎದ್ದು ನಿಂತರು. ಷರಾಯಿ ಜೇಬಿನಿಂದ ತಮ್ಮ ಗುಳಿಗೆಯ ಶೀಟು ತೆಗೆದು ತೋರಿಸಿದರು.

"ಹಂಗಾದ್ರೆ ನಾನೂ ಇದನ್ನ ಇವತ್ತೇ ಬಿಡಬಹುದೇನ್ರಿ ಸಾಹುಕಾರ್ರೆ? ಹನ್ನೆರಡು ವರ್ಷ ಆತು ನುಂಗಾಕ ಹತ್ತಿ."

ಬಿಡ್ರಿ ಎಂಬ ಮಾತು ಬಕ್ಕೇಶಪ್ಪನವರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಚ್ಚಲಿನ ಗೋಡೆ ಹಿಡಿದು ನಿಂತ ಆ ಬೆಳಗು ಕಣ್ಣ ಮುಂದೆ ಬಂತು. ಹೂಂ ಎಂದರೆ ಈ ಮುದುಕ ಬೀಳುತ್ತಾನೆ, ಊಹೂಂ ಎಂದರೆ ತಾನು ಬೀಳುತ್ತೇನೆ. ಆರು ವರ್ಷ ಕಾದು ಸಿಕ್ಕ ಶಾಲು ಹೆಗಲ ಮೇಲೆ ಭಾರವಾಯಿತು. ಅಷ್ಟರಲ್ಲಿ ಮೊಣಕಾಲಿನ ಹಿಂದೆ ಬೆಂಕಿ ಇಟ್ಟಂತಾಗಿ, ತಡೆಯಲಾಗದೆ ಪಂಚೆ ಎತ್ತಿಕೊಂಡು ಬಗ್ಗಿದರು. ಜುಬ್ಬದ ಜೇಬಿನಿಂದ ಏನೋ ಜಾರಿ ಬೀಗರ ಪಾದದ ಹತ್ತಿರ ಹೋಗಿ ಬಿತ್ತು.

ಬಿ.ಪಿ. ಗುಳಿಗೆಯ ಶೀಟು. ಅರ್ಧ ಖಾಲಿಯಾದದ್ದು.

ಕೊಟ್ಟೂರೇಶಪ್ಪನವರು ಎತ್ತಿಕೊಂಡರು. ಕನ್ನಡಕ ಹಾಕಿಕೊಂಡರು. ಹೆಡ್‌ಮಾಸ್ತರರು ಪರೀಕ್ಷೆಯಲ್ಲಿ ಚೀಟಿ ಹಿಡಿದಾಗ ಓದುವ ಹಾಗೆ ನಿಧಾನವಾಗಿ ಓದಿದರು. ಬಕ್ಕೇಶಪ್ಪನವರ ಮುಖ ನೋಡಿದರು, ಮುಂದಿನ ಸಾಲಿನಲ್ಲಿ ಸೆರಗು ಕಚ್ಚಿ ಕುಳಿತಿದ್ದ ಸೊಸೆಯ ಮುಖ ನೋಡಿದರು. ಆಮೇಲೆ ಮೈಕನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ಹಯಾತ್ ಸಾಬ್ರೆ, ಕೂಡ್ರಿ. ಗುಳಿಗಿ ಬಿಡಬ್ಯಾಡ್ರಿ. ಸೊಪ್ಪು ಎಷ್ಟು ತಿಂದ್ರೂ ಇದನ್ನ ಮರೀಬಾರ್ದು ಅಂತ ತೋರ್ಸಾಕೇ ನಮ್ಮ ಬೀಗರು ದಾವಣಗೆರೆಯಿಂದ ಜೇಬಿನಾಗೆ ಇಟ್ಕೊಂಡು ಬಂದಾರ. ಹೌದಲ್ರಿ ಬೀಗರೇ?"

"ಹೌದ್ರಿ," ಎಂದರು ಬಕ್ಕೇಶಪ್ಪನವರು. "ದಿನಾ ನುಂಗ್ತೀನ್ರಿ."

ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಭಾಷಣ ಅಲ್ಲಿಗೆ ಮುಗಿಯಿತು. ಚೀಲದ ಸೊಪ್ಪನ್ನು ಯಾರೂ ಮುಟ್ಟಲಿಲ್ಲ. ಬೀಗರು ಅದನ್ನು ತಮ್ಮ ಹಸುವಿನ ಮುಂದೆ ಸುರಿಸಿದರೆ, ಅದೂ ಒಮ್ಮೆ ಮೂಸಿ ಹಿಂದೆ ಸರಿಯಿತಂತೆ. ಬೀಗರ ಲುಂಗಿ ಉಟ್ಟು, ತಮ್ಮ ಪಂಚೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಬಕ್ಕೇಶಪ್ಪನವರು ಊರಿಗೆ ಮರಳಿದರು.

ಮನೆಯಲ್ಲಿ ಮರುಳಸಿದ್ದಮ್ಮ ಕಾಲಿಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದರು. ಏನೂ ಕೇಳಲಿಲ್ಲ. ಬೈದಿದ್ದರೂ ಬೇಕಿತ್ತು. ಕೊನೆಗೆ ತಡೆಯಲಾರದೆ ಬಕ್ಕೇಶಪ್ಪನವರೇ ಬಾಯಿ ಬಿಟ್ಟರು. ಗುಳಿಗೆಯ ಶೀಟನ್ನು ತಾನು ಮನೆಯಲ್ಲೇ ಮರೆತಿದ್ದೆ, ಅದು ಜೇಬಿಗೆ ಹೇಗೆ ಬಂತೋ ತಿಳಿಯದು ಎಂದರು.

"ನಾನೇ ಹಾಕಿದ್ದೆ," ಎಂದರು ಮರುಳಸಿದ್ದಮ್ಮ. "ಮರ್ತು ಹೊಂಟಿದ್ರಿ. ಅಷ್ಟು ಮಂದಿ ಮುಂದೆ ತಲಿ ತಿರುಗಿ ಬಿದ್ದುಗಿದ್ದೀರಿ ಅಂತ ಜೀವ ತಡೀಲಿಲ್ಲ. ಬೇಕಾದ್ರ ಕೈಗೆ ಸಿಗ್ಲಿ, ಹೇಳೋದು ಮನಿಗೆ ಬಂದ ಮ್ಯಾಲೆ ಹೇಳಿದ್ರಾತು ಅಂದ್ಕೊಂಡೆ."

"ಅಂದ್ರೆ ನಿನಗೆ ಗೊತ್ತಿತ್ತೇನು?"

"ಓಡದ ಬೂಟಿಗೆ ದಿನಾ ಬಾಗಿಲು ಹಾಕ್ಕೊಂಡು ಕೈ ಹಾಕೋ ಗಂಡಸನ್ನ ನಾನು ಎಲ್ಲೂ ಕಂಡಿಲ್ಲ. ಹತ್ತು ಗುಳಿಗಿ ಮೂರು ತಿಂಗಳು ಹೆಂಗೆ ಬಂದ್ವು ಅಂದ್ಕೊಂಡಿದ್ರಿ? ಮುಗಿದಂಗೆಲ್ಲ ತಂದು ತುಂಬಿದೋಳು ನಾನು."

ಬಕ್ಕೇಶಪ್ಪನವರು ಅಲಮಾರಿನ ಕಡೆ ನೋಡಿದರು. ಕಾಲು ಉರಿಯುತ್ತಿತ್ತು, ಕಣ್ಣು ಒದ್ದೆಯಾಗಿತ್ತು. ಕಣ್ಣಿಗೆ ಎಣ್ಣೆ ತಾಗಿತು ಎಂದು ಸುಳ್ಳು ಹೇಳಲು ಬಾಯಿ ತೆರೆದವರು ಇವತ್ತಿಗೆ ಇಷ್ಟು ಸಾಕೆಂದು ಮುಚ್ಚಿಕೊಂಡರು. ಮರುಳಸಿದ್ದಮ್ಮ ಎದ್ದು ಅಲಮಾರಿನ ಕೆಳಗಿನಿಂದ ಬಿಳಿ ಬೂಟು ಎಳೆದು, ಒಳಗಿದ್ದ ಹೊಸ ಶೀಟುಗಳನ್ನು ತೆಗೆದು ಹಳೆಯ ಡಬ್ಬಿಗೆ ಹಾಕಿದರು. ಬೂಟನ್ನು ತಂದು ಗಂಡನ ಮುಂದಿಟ್ಟರು.

"ತಗೋರಿ, ಬೂಟು ಖಾಲಿ ಆತು. ನಾಳೆ ಬೆಳಿಗ್ಗೆಯಿಂದ ಓಡ್ರಿ."