ಮಾವಶಿಯ ಬ್ಯಾಟರಿ ವಾರ್ಡು

ನಮ್ಮ ಮಾವಶಿಯ ತಲೆ ನೆಟ್ಟಗಿದೆ ಎಂದು ಮಿರಜದ ಅರ್ಧಕ್ಕರ್ಧ ಡಾಕ್ಟರುಗಳು ಬೇಕಾದರೆ ಬರೆದುಕೊಟ್ಟಾರು. ಆದರೆ ಅವರಲ್ಲಿ ಒಬ್ಬರೂ ಮಾವಶಿಯನ್ನು ನನ್ನ ಮೋಟರ್‌ಸೈಕಲ್ಲಿನ ಪಕ್ಕದಲ್ಲಿ ನೋಡಿಲ್ಲ! ನೋಡಿದ್ದರೆ ಪೆನ್ನು ತೆಗೆಯುವ ಮೊದಲು ಎರಡು ಸಲ ಯೋಚಿಸುತ್ತಿದ್ದರು.

ಮಾವಶಿ ಎಂದರೆ ನನ್ನ ತಾಯಿಯ ತಂಗಿ. ಮಿರಜದ ದೊಡ್ಡದೊಂದು ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಮದುವೆ ಮಾಡಿಕೊಳ್ಳಲಿಲ್ಲ, ಈಗ ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಇದ್ದಾರೆ. ಆಸ್ಪತ್ರೆ ಅವರನ್ನು ಬಿಟ್ಟಿತೇ ಹೊರತು ಅವರು ಆಸ್ಪತ್ರೆಯನ್ನು ಬಿಡಲಿಲ್ಲ. ನಮ್ಮ ಮನೆಯಲ್ಲಿ ಯಾರಾದರೂ ಸೀನಿದರೆ ಎರಡನೆಯ ಸೀನು ಬರುವುದರೊಳಗೆ ಥರ್ಮಾಮೀಟರ್ ಬಂದಿರುತ್ತದೆ. ಬೀಗರು ಬಂದು ಎರಡು ತಾಸು ಕೂತರೆ, ಬಾಗಿಲಲ್ಲಿ ನಿಂತು "ಭೆಟ್ಟಿ ಆಗೋ ವೇಳೆ ಮುಗೀತ್ರಿ" ಎಂದು ನಗುತ್ತಲೇ ಹೇಳಿಬಿಡುತ್ತಾರೆ. ಬೀಗರು ಹೋಗುವಾಗ ನಾನು ಒಳಗಿನಿಂದ ಕೈ ಮುಗಿಯುತ್ತೇನೆ, ಬೀಗರಿಗಲ್ಲ, ಮಾವಶಿಗೆ.

ಇಂಥವರ ಕೈಗೆ ನನ್ನ ಗಾಡಿ ಸಿಕ್ಕದ್ದು ಹೇಗೆ? ಅದಕ್ಕೆ ನಾನು ಬಿದ್ದ ಕಥೆಯನ್ನೇ ಹೇಳಬೇಕು. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನಾನು ಬೇಡಗ ಎಂಬ ಊರಿನ ಆಚೆ ಹೊಲಗಳ ನಡುವೆ ಇರುವ ಒಂದು ಸಣ್ಣ ಕನ್ನಡ ಶಾಲೆಯ ಮಾಸ್ತರ. ಕುರಿ ಸಾಕುವ ಮನೆಗಳ ಮಕ್ಕಳು, ಎರಡು ಕೋಣೆ, ಇಬ್ಬರೇ ಮಾಸ್ತರರು. ಮಿರಜದಿಂದ ದಿನಾ ಗಾಡಿಯ ಮೇಲೆ ಹೋಗುತ್ತಿದ್ದೆ. ಒಂದು ದಿನ ರೈಲ್ವೆ ಗೇಟು ಹಾಕಿತ್ತು. ಗಾಡಿ ನಿಲ್ಲಿಸಿ ಎಡಗಾಲನ್ನು ನೆಲಕ್ಕೆ ಇಟ್ಟೆ. ಅಲ್ಲೊಂದು ಕಬ್ಬಿನ ತುಂಡು ಬಿದ್ದಿತ್ತು. ಕಬ್ಬು ಉರುಳಿತು, ಕಾಲು ಜಾರಿತು, ಗಾಡಿ ಸಾವಕಾಶವಾಗಿ ವಾಲಿತು, ಅದರ ಕೆಳಗೆ ನಾನು ಇನ್ನೂ ಸಾವಕಾಶವಾಗಿ ಮಲಗಿದೆ. ಅಪಘಾತದ ಹೊತ್ತಿನಲ್ಲಿ ನನ್ನ ವೇಗ ಸೊನ್ನೆ! ಪಾದದ ಮೇಲಿನ ಎಲುಬು ಮಾತ್ರ ಎಪ್ಪತ್ತರ ವೇಗದಲ್ಲಿ ಬಿದ್ದವರ ಹಾಗೆ ಮುರಿಯಿತು.

ನಿಂತ ಗಾಡಿಯಿಂದ ಬಿದ್ದೆ ಎಂದು ಯಾರಿಗಾದರೂ ಹೇಳಲಾದೀತೇ? "ಕಬ್ಬಿನ ಟ್ರ್ಯಾಕ್ಟರ್" ಎಂದೆ. ಪೂರ್ತಿ ಸುಳ್ಳೇನಲ್ಲ, ಆ ಕಬ್ಬು ಟ್ರ್ಯಾಕ್ಟರಿನಿಂದಲೇ ಬಿದ್ದದ್ದು. ಮೊದಲ ವಾರ ಅದಕ್ಕೆ ಒಂದೇ ಟ್ರಾಲಿ ಇತ್ತು. ಎರಡನೆಯ ವಾರ ನೋಡಲು ಬಂದವರಿಗೆ ಎರಡು ಟ್ರಾಲಿ. ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಟ್ರ್ಯಾಕ್ಟರಿಗೆ ಬ್ರೇಕೂ ಇರಲಿಲ್ಲ, ಡ್ರೈವರನಿಗೆ ಮೈಮೇಲೆ ಎಚ್ಚರವೂ ಇರಲಿಲ್ಲ. ಮಾವಶಿ ಮಾತ್ರ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿ, "ಟ್ರ್ಯಾಕ್ಟರ್ ಭಾಳ ಮೆಲ್ಲಕ ಬಂದಿತ್ತು ನೋಡು, ಪಾಪ" ಎಂದರು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಮೂರು ತಿಂಗಳ ಮೇಲೆ ಡಾಕ್ಟರು "ಇನ್ನು ಗಾಡಿ ಹೊಡೆಯಬಹುದು" ಎಂದರು. ಮನೆಗೆ ಬಂದು ಗಾಡಿಯ ಮೇಲೆ ಕೂತೆ. ಕೂತದ್ದೇ ತಡ, ಅಂಗೈ ಬೆವರಿತು. ಕಣ್ಣು ಮುಚ್ಚಿ ಬಟನ್ ಒತ್ತಿದೆ. ಟಕ್ ಎಂದಿತು, ಮುಂದೆ ಸದ್ದಿಲ್ಲ. ಬ್ಯಾಟರಿ ಇಳಿದಿತ್ತು! ಈ ಕಾಲದ ಗಾಡಿ, ಒದ್ದು ಚಾಲೂ ಮಾಡಲು ಕಿಕ್ಕೇ ಇಲ್ಲ. ನೂಕಿದರೂ ಕೇಳದ ಜಾತಿ. ಅವತ್ತಿನಷ್ಟು ಸಂತೋಷ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ.

ಶಾಲೆಗೆ ಬಸ್ಸಿನಲ್ಲಿ ಹೊರಟೆ. ಬೇಡಗದಲ್ಲಿ ಇಳಿದು, ಅಲ್ಲಿಂದ ಹೊಲದ ದಾರಿಯಲ್ಲಿ ಮುಕ್ಕಾಲು ತಾಸು ಕುಂಟುತ್ತಾ ನಡೆಯಬೇಕು. ನಾನು ಮುಟ್ಟುವ ಹೊತ್ತಿಗೆ ಪ್ರಾರ್ಥನೆ ಮುಗಿದು, ಜೊತೆಯ ಮಾಸ್ತರರು ಎರಡೂ ಕೋಣೆಗಳ ನಡುವೆ ಓಡಾಡುತ್ತಿರುತ್ತಿದ್ದರು.

"ಗಾಡಿ ಯಾಕ ತಂದಿಲ್ರಿ ಸರ?"

"ಬ್ಯಾಟರಿ ಇಳದೈತ್ರಿ."

ಎಂಥ ಮರ್ಯಾದಸ್ಥ ಉತ್ತರ! "ಅಂಜಿಕಿ ಬರ್ತೈತ್ರಿ" ಎಂದು ಹೇಳಿ ನೋಡಿ, ನಲವತ್ತಾರು ವಯಸ್ಸಿನ ಗಂಡಸನ್ನು ಊರು ಹೇಗೆ ನೋಡುತ್ತದೆ! ಬ್ಯಾಟರಿ ಎಂದರೆ ಎಲ್ಲರೂ ಮರುಗುತ್ತಾರೆ. ಆದರೆ ಎಷ್ಟು ದಿನ ಅಂತ ಕುಂಟುವುದು? ಕೊನೆಗೆ ಮಿರಜದ ಒಳಗಿನ ಶಾಲೆಗೆ ವರ್ಗಾವಣೆ ಕೇಳುವ ಅರ್ಜಿಯನ್ನೇ ತುಂಬಿಸಿ ಚೀಲದಲ್ಲಿ ಇಟ್ಟುಕೊಂಡೆ. ಹದಿನಾಲ್ಕು ವರ್ಷ ಇದ್ದ ಶಾಲೆ. ಮಕ್ಕಳ ಮುಖ ನೋಡಿದರೆ ಅರ್ಜಿ ಕೊಡಲು ಮನಸ್ಸು ಬಾರದು, ಗಾಡಿಯ ಮುಖ ನೋಡಿದರೆ ಕೊಡದೆ ಗತಿಯಿಲ್ಲ.

ಈ ನಡುವೆ ನನ್ನ ಹೆಂಡತಿ ಮಾವಶಿಯ ಮುಂದೆ ಬಾಯಿಬಿಟ್ಟಳು: "ಕಾಲು ನೆಟ್ಟಗಾಗೇತ್ರಿ ಮಾವಶಿ, ಬ್ಯಾಟರಿದೇ ಕಾಟ." ಮಾವಶಿ ಸೆರಗು ಸಿಕ್ಕಿಸಿದರು. "ರೋಗಿ ಎಲ್ಲಿ ಅದಾನ?" ಎಂದರು.

ಅವತ್ತಿನಿಂದ ನಮ್ಮ ಪಡಸಾಲೆ ವಾರ್ಡಾಯಿತು. ಗಾಡಿಗೆ ಬಿಳಿ ಚಾದರ ಹೊದಿಸಿದರು. ಒಂದು ಚಾರ್ಜರು, ಒಂದು ಮೀಟರು ತರಿಸಿದರು. ಹಳೆಯ ರಜಿಸ್ಟರಿನಲ್ಲಿ ಗೆರೆ ಹೊಡೆದು ಬೆಳಿಗ್ಗೆ ಸಂಜೆ ಬ್ಯಾಟರಿಯ ನಾಡಿ ನೋಡಿ ಬರೆಯತೊಡಗಿದರು. ತುದಿಗಳಿಗೆ ಹಿಡಿದಿದ್ದ ಬಿಳಿ ಕಿಲುಬನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಮೇಲೆ ವ್ಯಾಸಲೀನ್ ಸವರಿದರು. ಗಾಡಿಯ ಹತ್ತಿರ ಜೋರಾಗಿ ಮಾತಾಡಿದರೆ ತುಟಿಯ ಮೇಲೆ ಬೆರಳಿಡುತ್ತಿದ್ದರು. ಓಣಿಯವರು ತಮ್ಮ ಸ್ಕೂಟರುಗಳನ್ನೂ ತಂದು ಸಾಲಾಗಿ ನಿಲ್ಲಿಸತೊಡಗಿದರು. ಮಾವಶಿ ಎಲ್ಲರಿಗೂ ಚೀಟಿ ಬರೆದುಕೊಡುತ್ತಿದ್ದರು!

ಒಮ್ಮೆ ಗ್ಯಾರೇಜಿನ ಮಿಸ್ತ್ರಿ ಬಂದು, "ದಿನಾ ಎರಡು ನಿಮಿಷ ಚಾಲೂ ಇಡ್ರಿ, ಸಾಕು" ಎಂದ. ಮಾವಶಿ ಕನ್ನಡಕ ಕೆಳಗಿಳಿಸಿದರು.

"ಚಾಲೂ ಮಾಡಾಕ ಎಷ್ಟು ಕರೆಂಟ್ ತಿಂತೈತಿ ಗೊತ್ತೈತೇನು? ಅದು ಎರಡು ನಿಮಿಷದಾಗ ತಿರುಗಿ ತುಂಬತೈತೇನು? ಬಾಣಂತಿಗೆ ಹಾಲು ಕೊಡಲಾರದ ದಿನಾ ರಗತ ತಗದಂಗಾತು! ಓಡಿಸಿದ್ರ ಅರ್ಧ ತಾಸು ಓಡಸಬೇಕು. ಇಲ್ಲಂದ್ರ ವಾಯರ್ ಬಿಚ್ಚಿ ಮಲಗಸಬೇಕು."

ಮಿಸ್ತ್ರಿ ನನ್ನ ಕಡೆ ನೋಡಿದ. ನಾನು ಆಕಾಶದ ಕಡೆ ನೋಡಿದೆ. "ಮಾವಶಿ, ಆತಾ ತುಮ್ಹೀಚ ಗ್ಯಾರೇಜ್ ಉಘಡಾ" ಎಂದು, ಗ್ಯಾರೇಜು ತೆಗೆಯುವ ಕೆಲಸವನ್ನೂ ಅವರಿಗೇ ಒಪ್ಪಿಸಿ, ಚಹಾ ಕುಡಿದು ಹೋದ.

ನಾಲ್ಕೇ ದಿನದಲ್ಲಿ ರೋಗಿ ಎದ್ದು ಕೂತ. ಹನ್ನೆರಡೂವರೆ ವೋಲ್ಟು ದಾಟಿತು ಮೀಟರು. ಇನ್ನೇನು ನೆವ ಹೇಳಲಿ?

ಇಲ್ಲಿಂದ ಮುಂದೆ ನಾನು ಮಾಡಿದ್ದನ್ನು ಯಾವ ಮಾಸ್ತರನೂ ಮಾಡಬಾರದು. ಮಾವಶಿ ಸಂಜೆ ಭಜನೆಗೆ ಹೋಗುತ್ತಾರೆ, ಒಂದೂವರೆ ತಾಸು ಬರುವುದಿಲ್ಲ. ಅವರು ಓಣಿ ತಿರುಗಿದೊಡನೆ ನಾನು ಕೆಳಗಿಳಿದು, ಚಾದರದೊಳಗೆ ಕೈ ಹಾಕಿ, ಕೀಲಿ ತಿರುಗಿಸಿ ಬಿಡುತ್ತಿದ್ದೆ. ಚಾದರದ ಒಳಗೆ ದೀಪ ಉರಿಯುತ್ತಿತ್ತು, ಮೇಲೆ ನಾನು ಮಕ್ಕಳ ಪೇಪರು ತಿದ್ದುತ್ತಿದ್ದೆ. ಭಜನೆ ಮುಗಿಯುವ ಹೊತ್ತಿಗೆ ಕೀಲಿ ಬಂದ್. ಎರಡು ಸಂಜೆಗೆ ರೋಗಿ ಮತ್ತೆ ಮಲಗಿದ! ಮಾವಶಿ ಹಗಲು ತುಂಬಿಸುವುದು, ನಾನು ಸಂಜೆ ಚೆಲ್ಲುವುದು. ತೂತಿನ ಕೊಡದ ನೀರು ನಮ್ಮ ಮನೆಯ ಕರೆಂಟು.

ಮಾವಶಿ ಕೆಲದಿನ ತಲೆ ಕೆಡಿಸಿಕೊಂಡು, ಕೊನೆಗೆ ಬ್ಯಾಟರಿಯ ಕರಿ ವಾಯರನ್ನೇ ಬಿಚ್ಚಿಟ್ಟರು. ಈಗ ಕೀಲಿ ತಿರುಗಿಸಿದರೆ ಏನು ಬಂತು? ನಾನು ಬಿಡುವವನೇ? ನಟ್ಟು ಬಿಗಿಯುವ ಪಾನಾ ತಂದು ಸೀಟಿನ ಕೆಳಗೆ ಬಗ್ಗಿದೆ. ಮಕ್ಕಳಿಗೆ ವಿಜ್ಞಾನದಲ್ಲಿ ವಿದ್ಯುತ್ತಿನ ಪಾಠ ಹೇಳುವವನು ನಾನೇ! ಕರಿ ವಾಯರು ಬಿಗಿಯುತ್ತಿದ್ದಾಗ ಪಾನಾ ಜಾರಿ ಕೆಂಪಿನ ತುದಿಗೂ ತಾಗಿತು. ಚಟ್! ಕಿಡಿ ಹಾರಿತು, ನಾನೂ ಹಾರಿದೆ. ಹೆಂಡತಿ ಓಡಿಬಂದಳು.

"ಏನ್ರಿ ಅದು?"

"ಮಾವಶಿಗೆ ಸ್ವಲ್ಪ ಕೈ ಜೋಡಸಾಕತ್ತೇನಿ."

"ಇಪ್ಪತ್ತು ವರ್ಷದಾಗ ಒಂದು ಬಲ್ಬ್ ಬದಲಿ ಮಾಡಿದವರಲ್ಲ!" ಎಂದು ಅವಳು ನನ್ನ ಹಣೆ ಮುಟ್ಟಿ ನೋಡಿ ಹೋದಳು.

ಮರುದಿನ ರಜಿಸ್ಟರಿನಲ್ಲಿ ಹೊಸ ಸಾಲೊಂದಿತ್ತು: "ರೋಗಿಗೆ ಯಾರೋ ಭೆಟ್ಟಿ ಕೊಟ್ಟಾರ."

"ಇಲಿ ಇರಬೇಕ್ರಿ ಮಾವಶಿ" ಎಂದೆ.

"ಹೌದೇಳು. ಪಾನಾ ಹಿಡಿಯೋ ಇಲಿ" ಎಂದು ರಜಿಸ್ಟರ್ ಮುಚ್ಚಿದರು.

ಹೀಗೇ ಒಂದು ತಿಂಗಳು ಹೋಗಿರಬೇಕು. ಅರ್ಜಿ ಕೊಡಲು ಸೋಮವಾರ ಕಡೆಯ ದಿನ. ಅದರ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ಮಾವಶಿ ರಜಿಸ್ಟರ್ ಹಿಡಿದು ಮೇಲೆ ಬಂದರು. ನನ್ನ ಮುಂದೆ ಬಿಚ್ಚಿಟ್ಟು ಬೆರಳಿಟ್ಟರು.

"ಇಲ್ಲಿ ನೋಡು. ದಿನಾ ಸಂಜೀಕ ಇಳದೈತಿ. ಈ ಮೂರು ದಿನ ಒಂದು ಪಾಯಿಂಟೂ ಇಳದಿಲ್ಲ. ಆ ಮೂರು ದಿನ ನೀ ತರಬೇತಿಗಂತ ಸಾಂಗಲಿಯೊಳಗ ಉಳದಿದ್ದಿ."

ಮಕ್ಕಳು ಕಾಪಿ ಹೊಡೆದು ಸಿಕ್ಕಾಗ ಹೇಗೆ ನಿಲ್ಲುತ್ತಾರೋ ಹಾಗೇ ನಿಂತೆ. ಆಮೇಲೆ ಎಲ್ಲವನ್ನೂ ಹೇಳಿಬಿಟ್ಟೆ. ಗೇಟು, ಕಬ್ಬಿನ ತುಂಡು, ಸೊನ್ನೆ ವೇಗ, ಬೆವರುವ ಅಂಗೈ, ಅರ್ಜಿ, ಎಲ್ಲ. ಬೈಗುಳಕ್ಕೆ ಕಾಯುತ್ತಾ ನೆಲ ನೋಡಿದೆ.

"ಮೊದಲನೇ ವಾರನ ಗೊತ್ತಾಗಿತ್ತು" ಎಂದರು ಮಾವಶಿ.

"ಮತ್ತ ಅವತ್ತೇ ಯಾಕ ಹೇಳಲಿಲ್ರಿ?"

"ಅಂಜಿದವರಿಗೆ ಅಂಜೀದಿ ಅಂತ ಹೇಳಿದ್ರ ಅಂಜಿಕಿ ಹೋಗತೈತೇನು? ನಿನ್ನ ಪಾಡಿಗೆ ನೀ ಬರ್ಲಿ ಅಂತ ತಡದ್ನಿ. ಅರ್ಜಿನ ನಿನ್ನ ಚೀಲದಾಗ ನೋಡೇನಿ. ನಾಳಿಗೆ ಕೊಡ್ತೀ ಅಂದಮ್ಯಾಲೆ ಇನ್ನ ತಡಿಯೋದೇನು? ಬ್ಯಾಟರಿ ತುಂಬೇತಿ. ಅರ್ಧ ತಾಸು ಓಡಸಬೇಕು. ನಡಿ, ನಾನೂ ಬರ್ತೀನಿ."

ಹೆಂಡತಿಯ ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಂಡು, ಸೀರೆಯ ಸೆರಗನ್ನು ಬಿಗಿದು, ಎಪ್ಪತ್ತೊಂದು ವಯಸ್ಸಿನ ಮಾವಶಿ ನನ್ನ ಹಿಂದೆ ಕೂತರು. ಬಟನ್ ಒತ್ತಿದೆ. ಗಾಡಿ ಒಂದೇ ಮಾತಿಗೆ ಓಗೊಟ್ಟಿತು. ಹಿಂದೆ ಹಿರಿಯರು ಕೂತಿರುವಾಗ ಇಳಿದು ಓಡಲಾದೀತೇ? ಮ್ಹೈಸಾಳದ ದಾರಿ ಹಿಡಿದೆ. ಸೈಕಲ್ಲುಗಳು ನಮ್ಮನ್ನು ದಾಟಿ ಹೋದವು. ಒಂದು ಎಮ್ಮೆ ಕೂಡ ದಾಟಿತೆಂದು ಹೆಂಡತಿಗೆ ಹೇಳಿಲ್ಲ. ಮಾವಶಿ ನನ್ನ ಹೆಗಲನ್ನು ಹಿಡಿದದ್ದು ಬಿಡಲೇ ಇಲ್ಲ. ಉಗುರುಗಳು ಅಂಗಿ ದಾಟಿ ಒಳಗೆ ಚುಚ್ಚುತ್ತಿದ್ದವು. ನನ್ನನ್ನು ಎಚ್ಚರವಾಗಿ ಇಡಲು ಹೀಗೆ ಹಿಡಿದಿದ್ದಾರೆ ಎಂದುಕೊಂಡೆ.

ಕೃಷ್ಣೆಯ ಸೇತುವೆಯ ಈಚೆ, ಕಬ್ಬಿನ ಹೊಲದ ಬದುವಿನ ಹತ್ತಿರ ಗಾಡಿ ನಿಲ್ಲಿಸಿದೆ. ಬೀಳಲಿಲ್ಲ! ಖುಷಿಯಲ್ಲಿ ತಿರುಗಿ ನೋಡಿದರೆ ಮಾವಶಿಗೆ ಇಳಿಯಲು ಬರುತ್ತಿಲ್ಲ. ಕೈ ಹಿಡಿದು ಇಳಿಸಿದೆ. ಕೈ ತಣ್ಣಗಿತ್ತು. ಮುಖ ಸುಣ್ಣದ ಹಾಗಾಗಿತ್ತು. ಬದುವಿನ ಮೇಲೆ ಕೂಡ್ರಿಸಿ ನೀರು ಕುಡಿಸಿದೆ.

"ಏನಾತ್ರಿ ಮಾವಶಿ?"

ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದರು: "ಮೂವತ್ತೈದು ವರ್ಷ ಎಲುಬಿನ ವಾರ್ಡಿನ್ಯಾಗ ಇದ್ದೆ. ಗಾಡಿ ಮ್ಯಾಲಿಂದ ಬಿದ್ದವರನ್ನ ದಿನಾ ತಂದು ಹಾಕ್ತಿದ್ರು. ಅವರನ್ನ ನೋಡಿ ನೋಡಿ... ಜನ್ಮದಾಗ ಒಮ್ಮೆನೂ ಇದರ ಮ್ಯಾಲೆ ಹತ್ತಿದಾಕಿ ಅಲ್ಲ. ಇವತ್ತ ಮೊದಲ."

ನನ್ನ ಅಂಜಿಕೆಯನ್ನು ಒಂದು ತಿಂಗಳು ನಾನು ಚಾದರದೊಳಗೆ ಮುಚ್ಚಿಟ್ಟಿದ್ದೆ. ಇವರು ತಮ್ಮದನ್ನು ಒಂದು ಜನ್ಮವೇ ಮುಚ್ಚಿಟ್ಟಿದ್ದರು. ಕಣ್ಣು ತುಂಬಿ ಬಂತು.

"ಅಷ್ಟು ಅಂಜಿಕಿ ಇದ್ರ ಇವತ್ತ ಯಾಕ ಹತ್ತಿದ್ರಿ ಮಾವಶಿ?"

ಹೆಲ್ಮೆಟ್ ಇನ್ನೂ ತಲೆಯ ಮೇಲೇ ಇತ್ತು. ಅದರೊಳಗಿನಿಂದ ನನ್ನನ್ನು, ಎಳೆಯ ಮಗುವನ್ನು ನೋಡುವ ಹಾಗೆ ನೋಡಿದರು.

"ಮತ್ತ ನಿನ್ನ ಒಬ್ಬನ್ನ ಹ್ಯಾಂಗ ಕಳಸಲಿ?" ಎಂದರು.