ಕಣ ಹೋಗಿ ಪಾರ್ಕ್ ಬಂತು

ಆ ತೀರ್ಮಾನವಾದ ಭಾನುವಾರ ನಮ್ಮ ಮನೆಯ ವರಾಂಡದಲ್ಲಿ ಒಂಬತ್ತು ಜನ ಕೂತಿದ್ದೆವು. ಎದುರು ಮನೆಯ ಖಾದರ್ ಸಾಬರು, ಮೂಲೆ ಮನೆಯ ಲಲಿತಾ ಟೀಚರು, ಚರಂಡಿ ನೀರಿನ ದೆಸೆಯಿಂದ ಎರಡು ವರ್ಷ ನನ್ನೊಡನೆ ಮಾತು ಬಿಟ್ಟಿದ್ದ ಪಕ್ಕದ ಮನೆಯ ಶಿವೇಗೌಡರು, ಇನ್ನೂ ಐದು ಮಂದಿ ನಿವಾಸಿಗಳು, ಮತ್ತು ಬಡಾವಣೆ ಸಂಘದ ಕಾರ್ಯದರ್ಶಿಯಾಗಿ ನಾನು. ಒಳಗಿನಿಂದ ಕಾಫಿ ತಂದಿಡುತ್ತಿದ್ದ ನನ್ನ ಹೆಂಡತಿ ವಿಮಲೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅವಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನು ಈಗ ಹೀಗೆ ಕೂತು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ನನ್ನ ಪೂರ್ವಾಶ್ರಮದ ವಿಷಯ ಸ್ವಲ್ಪ ಹೇಳಬೇಕು. ಮೂಡಿಗೆರೆ ಕಡೆಯ ಒಂದು ಎಸ್ಟೇಟಿನಲ್ಲಿ ಮೂವತ್ತೈದು ವರ್ಷ ರೈಟರಾಗಿದ್ದವನು ನಾನು. ಆಳುಗಳ ಹಾಜರಿಯಿಂದ ಹಿಡಿದು ನಿನ್ನೆ ಎಷ್ಟು ಇಂಚು ಮಳೆ ಬಿತ್ತು ಎಂಬುದರವರೆಗೆ ಎಲ್ಲವನ್ನೂ ಬರೆದಿಡುವ ಕೆಲಸ. ಕಾಫಿ ಒಣಗಿಸುವ ಕಣದ ಉಸ್ತುವಾರಿಯೂ ನನ್ನದೇ. ಹಣ್ಣು ಹರಡಿಸು, ಗಂಟೆಗೊಮ್ಮೆ ಕೈಯಾಡಿಸು, ಸಂಜೆ ರಾಶಿ ಮಾಡಿಸು, ಟಾರ್ಪಾಲು ಹೊದಿಸು. ಬಾಣಂತಿ ಮಗುವನ್ನು ನೋಡಿಕೊಂಡಷ್ಟು ಜೋಪಾನ. ಹೀಗಾಗಿ ನಿವೃತ್ತನಾಗಿ ಚಿಕ್ಕಮಗಳೂರಿನ ಈ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದಾಗ ನಾನೊಂದು ಶಪಥ ಮಾಡಿದ್ದೆ: ಇನ್ನು ಮೇಲೆ ಕಾಫಿ ನನ್ನ ಕಣ್ಣಿಗೆ ಬೀಳುವುದಿದ್ದರೆ ಲೋಟದಲ್ಲಿ ಮಾತ್ರ.

ವಿಧಿ ನಕ್ಕಿರಬೇಕು. ನಮ್ಮ ಮನೆಯ ಎದುರಿಗೇ, ಖಾದರ್ ಸಾಬರ ಮನೆಯ ಮಗ್ಗುಲಿಗೆ, ಒಂದು ದೊಡ್ಡ ಸಿಮೆಂಟು ನೆಲ. ಬಡಾವಣೆ ಮಾಡಿದವರು ಸಮುದಾಯ ಭವನ ಕಟ್ಟುತ್ತೇವೆಂದು ನೆಲ ಹಾಕಿ, ಅಲ್ಲಿಗೇ ಸುಸ್ತಾಗಿ ನಿಲ್ಲಿಸಿದ್ದರು. ನಮ್ಮ ಊರಿನಲ್ಲಿ ಬಿಸಿಲು ಬೀಳುವ ಸಿಮೆಂಟು ನೆಲ ಸುಮ್ಮನೆ ಬಿದ್ದಿರುವುದುಂಟೇ? ಖಾದರ್ ಸಾಬರಿಗೆ ಬಸ್‌ಸ್ಟ್ಯಾಂಡಿನ ಹಿಂದೆ ಗ್ಯಾರೇಜು, ವಸ್ತಾರೆ ಕಡೆ ಎರಡೆಕರೆ ತೋಟ. ಟೀಚರಿಗೆ ತವರಿನಿಂದ ವರ್ಷಕ್ಕೆ ನಾಲ್ಕು ಮೂಟೆ ಹಣ್ಣು. ಹೀಗೆ ಅವರಿವರದೆಲ್ಲ ಸೇರಿ ಡಿಸೆಂಬರ್ ಬಂತೆಂದರೆ ನನ್ನ ಬಾಗಿಲೆದುರು ಒಂದು ಕಣವೇ ಸಿದ್ಧ. ಹುಳಿಹುಳಿ ವಾಸನೆ, ನೊಣ, ಮೇಲೆ ಜನರ ಗದ್ದಲ. ದಾರಿಯಲ್ಲಿ ಹೋಗುವವರೆಲ್ಲ ಒಂದು ಮುಷ್ಟಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, “ಇನ್ನೂ ಮೂರು ಬಿಸಿಲು ಬೇಕು ಮಾರಾಯ್ರೆ” ಎಂದು ತೀರ್ಪು ಕೊಡುತ್ತಿದ್ದರು. ಬಾಗಿಲಲ್ಲಿ ನಿಂತು ನಾನು ಮನಸ್ಸಿನಲ್ಲೇ “ಎರಡೇ ಸಾಕು” ಎನ್ನುತ್ತಿದ್ದೆ. ಹಾಳು ಅಭ್ಯಾಸ.

ಈ ಕಣಕ್ಕೊಂದು ಅಲಿಖಿತ ಕಾನೂನಿತ್ತು. ಅಕಾಲದಲ್ಲಿ ಮೋಡ ಕವಿದು ಮೊದಲ ಹನಿ ಬಿದ್ದರೆ ಯಾರು ಮೊದಲು ನೋಡಿದರೋ ಅವರು ಕೂಗಬೇಕು. ಕೂಗು ಕೇಳಿದವರೆಲ್ಲ ಓಡಬೇಕು. ಯಾರ ಕಾಫಿ ಎಂದು ಕೇಳುವಂತಿಲ್ಲ. ಒಮ್ಮೆ ಹೀಗೆಯೇ ಮಧ್ಯಾಹ್ನದ ಊಟದ ಎಲೆಯಿಂದ ಎದ್ದು ಲುಂಗಿ ಎತ್ತಿ ಕಟ್ಟಿಕೊಂಡು ಓಡಿದ ನಾನು, ಟಾರ್ಪಾಲಿನ ಒಂದು ತುದಿ ಹಿಡಿದು ನೋಡುತ್ತೇನೆ, ಇನ್ನೊಂದು ತುದಿಯಲ್ಲಿ ಶಿವೇಗೌಡರು! ಮಾತು ಬಿಟ್ಟವರು “ಎಳೀರಿ” ಎನ್ನಲೇಬೇಕಾಯಿತು. ಚರಂಡಿ ವ್ಯಾಜ್ಯ ಮುಗಿದದ್ದು ಆ ಒಂದು ಶಬ್ದದಿಂದ. ಅದೇ ದಿನ ಟಾರ್ಪಾಲು ಸಾಲದೆ ವಿಮಲ ನಮ್ಮ ಹೊಸ ಹಾಸಿಗೆಯ ಹೊದಿಕೆಯನ್ನೇ ಟೀಚರ ರಾಶಿಯ ಮೇಲೆ ಎಸೆದಿದ್ದಳು. ಅದರ ಕಂದು ಕಲೆ ಇನ್ನೂ ಹೋಗಿಲ್ಲ.

ಇಷ್ಟೆಲ್ಲ ಇದ್ದೂ ನನಗೆ ಪಾರ್ಕು ಬೇಕಾಗಿತ್ತು. ಬೇರೆ ಬಡಾವಣೆಗಳಲ್ಲಿ ಹುಲ್ಲುಹಾಸು, ಕಬ್ಬಿಣದ ಬೇಲಿ, ನಡೆಯುವ ದಾರಿ ಎಲ್ಲ ಇದ್ದವು. ನಮ್ಮಲ್ಲಿಗೆ ಬಂದ ನೆಂಟರು ಮೂಗು ಮುಚ್ಚಿಕೊಂಡು, “ಇದೇನು, ಎಸ್ಟೇಟಿನ ಕೂಲಿ ಲೈನಿನ ಹಾಗಿದೆಯಲ್ಲ” ಎಂದದ್ದು ನನಗೆ ಚುಚ್ಚಿತ್ತು. ಸಭೆಯಲ್ಲಿ ನಾನು ಸ್ವತಃ ಗೆರೆ ಎಳೆದು ತಂದ ನಕ್ಷೆ ಬಿಚ್ಚಿದೆ. ಎಲ್ಲರೂ ತಲೆದೂಗಿದರು. ಖಾದರ್ ಸಾಬರು ಮಾತ್ರ ನಕ್ಷೆಯನ್ನು ಅತ್ತಿತ್ತ ತಿರುಗಿಸಿ ನೋಡಿ, “ಪಾರ್ಕ್ ಬೇಡ ಅನ್ನಲ್ಲ ರೈಟ್ರೇ. ಕಾಫಿ ಎಲ್ಲಿ ಹಾಕೋದು?” ಎಂದರು.

“ನಿಮ್ಮ ತಲೆ ಮೇಲೇ ಇದೆಯಲ್ಲ ಸಾಬ್ರೇ, ತಾರಸಿ. ದೇವರು ಕೊಟ್ಟ ಕಣ” ಎಂದೆ. ಎಲ್ಲರೂ ನಕ್ಕರು. ಸಾಬರೂ ನಕ್ಕರು. ನನ್ನ ಜೀವಮಾನದಲ್ಲಿ ನಾನು ಹೇಳಿದ ನಗೆಮಾತುಗಳಲ್ಲಿ ವಾಪಸು ತೆಗೆದುಕೊಳ್ಳಬೇಕೆನಿಸಿದ್ದು ಅದೊಂದೇ.

ಲಲಿತಾ ಟೀಚರು ಲೋಟ ಕೆಳಗಿಟ್ಟು, “ಎಲ್ಲರೂ ತಾರಸಿ ಹತ್ತಿದ್ರೆ ಕೆಳಗೆ ಯಾರಿರ್ತಾರೆ?” ಎಂದು ಕೇಳಿದರು. ನಡಾವಳಿ ಬರೆಯುತ್ತಿದ್ದವನು ನಾನೇ. ಆ ಮಾತನ್ನು ಬರೆಯಲಿಲ್ಲ.

ಪಾರ್ಕು ಆಯಿತು. ಚೆನ್ನಾಗಿಯೇ ಆಯಿತು. ಬೇಲಿ, ಬೀಗ, ಎರಡು ಬೆಂಚು, ದೂರಿನ ಪೆಟ್ಟಿಗೆ, ನನ್ನ ರುಜುವಿರುವ ಹತ್ತು ನಿಯಮಗಳ ಬೋರ್ಡು. ನಾಲ್ಕನೆಯದು: ಇಲ್ಲಿ ಯಾವುದೇ ಬಗೆಯ ಫಸಲು ಒಣಗಿಸಬಾರದು. ಬೆಳಿಗ್ಗೆ ಜನ ನಡೆಯಲು ಬರುತ್ತಿದ್ದರು. ಆದರೆ ನಡೆಯುವವರಿಗೆ ನಿಲ್ಲಲು ಕಾರಣ ಬೇಕಲ್ಲ. ಒಬ್ಬರ ಬೆನ್ನ ಹಿಂದೆ ಒಬ್ಬರು ಸುತ್ತು ಹಾಕಿ ಮನೆಗೆ ಹೋಗುತ್ತಿದ್ದರು. ಮಾತುಕತೆಗೆ ಮೊಬೈಲಿನಲ್ಲಿ ಒಂದು ಗುಂಪು ಮಾಡಿದ್ದೆ. ಬೆಳಗಾಗೆದ್ದು ಹೂವಿನ ಚಿತ್ರ ಕಳಿಸುವವರ ಕಾಟ ತಾಳಲಾರದೆ, ಅದರಲ್ಲಿ ಕಾರ್ಯದರ್ಶಿ ಒಬ್ಬನೇ ಬರೆಯಬಹುದು ಎಂದು ಅದಕ್ಕೂ ಬೀಗ ಹಾಕಿದ್ದೆ.

ಮರುವರ್ಷ ಡಿಸೆಂಬರಿನ ಒಂದು ಮಧ್ಯಾಹ್ನ, ಮುಳ್ಳಯ್ಯನಗಿರಿಯ ಕಡೆಯಿಂದ ಮೋಡ ಇಳಿದು ಬಂತು. ಎದುರಿನ ತಾರಸಿಯಲ್ಲಿ ಖಾದರ್ ಸಾಬರ ಇಡೀ ವರ್ಷದ ಕಾಫಿ ಹರಡಿತ್ತು. ಇನ್ನೊಂದು ಬಿಸಿಲಿಗೆ ಮೂಟೆ ಕಟ್ಟುವಂತಿತ್ತು. ಸಾಬರು ಗ್ಯಾರೇಜಿನಲ್ಲಿ, ಅವರ ಹೆಂಡತಿ ನಫೀಸಮ್ಮ ತಂಗಿಯ ಮನೆಯಲ್ಲಿ. ತಾರಸಿಯ ಮೆಟ್ಟಿಲು ಮನೆಯ ಒಳಗೆ, ಮನೆಗೆ ಬೀಗ. ನಾನು ರಸ್ತೆಯ ನಡುವೆ ನಿಂತು “ಮಳೆ, ಮಳೆ” ಎಂದು ಕೂಗಿದೆ. ಎಲ್ಲರೂ ಅವರವರ ತಾರಸಿಯ ಮೇಲೆ ಅವರವರ ರಾಶಿ ಎಳೆಯುತ್ತಿದ್ದರು. ಸಾಬರಿಗೆ ಫೋನು ಮಾಡಿದೆ. ಯಾವುದೋ ಜೀಪಿನ ಅಡಿಯಲ್ಲಿ ಮಲಗಿದ್ದರೋ ಏನೋ, ಎತ್ತಲಿಲ್ಲ. ಕೊನೆಗೆ ಗುಂಪಿನಲ್ಲಿ ಬರೆದೆ: “ಖಾದರ್ ಸಾಬರ ಕಾಫಿ ನೆನೆಯುತ್ತಿದೆ, ದಯವಿಟ್ಟು ಬನ್ನಿ.” ಬೀಗವಿದ್ದದ್ದು ಬರೆಯುವುದಕ್ಕೆ, ಚಿಹ್ನೆ ಒತ್ತುವುದಕ್ಕಲ್ಲ; ಹನ್ನೊಂದು ಹೆಬ್ಬೆರಳು ಬಂದವು. ಎರಡು ಕೈಮುಗಿದ ಚಿತ್ರ. ತಾರಸಿಯ ಕೊಳವೆಯಿಂದ ಕಂದು ನೀರು ರಸ್ತೆಗೆ ಸುರಿಯುವುದನ್ನು ನಾನು ಕೊಡೆ ಹಿಡಿದು ನೋಡಿದೆ.

ಸಾಬರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮರುದಿನ ಬೂಸಲು ಹಿಡಿಯತೊಡಗಿದ ಕಾಫಿಯನ್ನು ವ್ಯಾನಿಗೆ ತುಂಬಿಸುತ್ತ, “ನೀವು ಕೂಗಿದ್ರಂತೆ ರೈಟ್ರೇ, ಟೀಚರು ಹೇಳಿದ್ರು. ಅಷ್ಟು ಸಾಕು ಬಿಡಿ” ಎಂದರು. ಅದು ಸಾಕಾಗಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅದಾಗಿ ವರ್ಷ ಕಳೆದು, ಈ ಸಲದ ಸುಗ್ಗಿಗೆ ಅವರು ಹಣ್ಣನ್ನು ಇಲ್ಲಿಗೆ ತರಲೇ ಇಲ್ಲ. ವಸ್ತಾರೆಯಲ್ಲಿ ಪರಿಚಯದವರ ಕಣವಿದೆಯಂತೆ, ಸುಗ್ಗಿ ಮುಗಿಯುವ ತನಕ ಮನೆಮಂದಿಯೆಲ್ಲ ಅಲ್ಲೇ. ಹೊರಡುವ ದಿನ ನಫೀಸಮ್ಮ ವಿಮಲೆಯ ಕೈ ಹಿಡಿದು, “ಅಲ್ಲಿ ಜನ ಇರ್ತಾರೆ ಅಕ್ಕಾ” ಎಂದರಂತೆ. ವಿಮಲ ಇದನ್ನು ನನಗೆ ಹೇಳಿ, ಮುಂದೆ ಏನೂ ಹೇಳದೆ ಒಳಗೆ ಹೋದಳು. ನಮ್ಮ ಮನೆಯಲ್ಲಿ ಅಂಥ ಮೌನಕ್ಕೆ ಮೂರು ದಿನದ ಬಾಳಿಕೆ.

ಮೂರನೆಯ ದಿನ ನಾನು ಟೀಚರ ಮನೆಗೆ ಹೋಗಿ ಒಂದು ಬುಟ್ಟಿ ಹಣ್ಣು ಕೇಳಿದೆ. ಅವರು ತುಂಬಿಸಿ ಕೊಟ್ಟರು. ಪಾರ್ಕಿನ ಬೀಗ ತೆಗೆದು, ನಡೆಯುವ ದಾರಿಯ ಮೇಲೆ ಅದನ್ನು ತೆಳ್ಳಗೆ ಹರಡಿ, ಬೆಂಚಿನ ಮೇಲೆ ಕೂತೆ. ಯಾರಾದರೂ ಬಂದು ಒಂದು ಮುಷ್ಟಿ ಎತ್ತಿ ಎಷ್ಟು ಬಿಸಿಲು ಬೇಕೆಂದು ಹೇಳಲಿ ಎಂದು ಸಂಜೆಯ ತನಕ ಕಾದೆ. ಇಬ್ಬರು ನಡೆಯಲು ಬಂದರು. ಕಾಫಿಯನ್ನು ಜೋಪಾನವಾಗಿ ದಾಟಿಕೊಂಡು ಸುತ್ತು ಮುಗಿಸಿ ಹೋದರು.

ಮರುದಿನ ಬೆಳಿಗ್ಗೆ ದೂರಿನ ಪೆಟ್ಟಿಗೆಯಲ್ಲಿ ಒಂದು ಚೀಟಿ ಇತ್ತು. ಪಾರ್ಕಿನಲ್ಲಿ ಯಾರೋ ಕಾಫಿ ಒಣಗಿಸುತ್ತಿದ್ದಾರೆ, ಕಾರ್ಯದರ್ಶಿಯವರು ನಾಲ್ಕನೇ ನಿಯಮದಂತೆ ಕ್ರಮ ಕೈಗೊಳ್ಳಬೇಕು ಎಂದು. ನಾನು ಚೀಟಿಯ ಕೆಳಗೆ “ಕ್ರಮ ಕೈಗೊಳ್ಳಲಾಗಿದೆ” ಎಂದು ಬರೆದು, ರುಜು ಹಾಕಿ, ಹಣ್ಣನ್ನು ಬುಟ್ಟಿಗೆ ಬಳಿದು ಹೊತ್ತುಕೊಂಡು ನಮ್ಮ ತಾರಸಿ ಹತ್ತಿದೆ.